ಗಾಳಿ ಅಗೆಯುವವರು

ಗಾಳಿ ಅಗೆಯುವುದರಲ್ಲಿ ನಮ್ಮ ಮಾವನನ್ನು ಮೀರಿಸುವವರಿಲ್ಲ. ಮಣ್ಣು ಸಾಗಿಸುವ ಟಿಪ್ಪರ್ ಇಲ್ಲದ ಹೊತ್ತಿನಲ್ಲಿ ಅವರು ಅಗೆಯುವ ಮೆಷಿನ್ನಿನ ಬಕೆಟ್ಟನ್ನು ಮಣ್ಣಿಗೆ ತಾಗಿಯೂ ತಾಗದ ಹಾಗೆ ಇಳಿಸುತ್ತಾರೆ, ಏನೋ ತುಂಬಿಕೊಂಡಂತೆ ಮಡಚುತ್ತಾರೆ, ಮೇಲೆತ್ತಿ ಅರ್ಧ ಸುತ್ತು ತಿರುಗಿಸಿ ಖಾಲಿ ಜಾಗದಲ್ಲಿ ಸುರಿಯುತ್ತಾರೆ. ಸುರಿಯುವುದಕ್ಕೆ ಏನೂ ಇರುವುದಿಲ್ಲ. ಮತ್ತೆ ಮೊದಲಿನಿಂದ ಶುರು. ಇಂಜಿನ್ ಮಾತ್ರ ಗುಡ್ಡ ಕಡಿಯುತ್ತಿರುವ ಹಾಗೆ ಮೊರೆಯುತ್ತಿರುತ್ತದೆ. ಗಾಳಿಗೆ ಗುದ್ದಿ ಮೈ ನೋಯಿಸಿಕೊಂಡರು ಅನ್ನುವ ಗಾದೆ ಕಟ್ಟಿದವನು ನಮ್ಮ ಹೊಂಡದ ಕಡೆ ಬಂದಿದ್ದನೇನೋ ಎಂದು ನನಗೆ ಅನುಮಾನ.

ಇದೆಲ್ಲ ಭಾವನ ಕಿವಿಗಾಗಿ. ಭಾವ ಎಂದರೆ ನನ್ನ ಅಕ್ಕನ ಗಂಡ, ಈ ಮೆಷಿನ್ನುಗಳ ಯಜಮಾನರು. ದೊಡ್ಡದೊಂದು ಕಟ್ಟಡದ ನೆಲಮಾಳಿಗೆಗೆ ಹೊಂಡ ತೋಡುವ ಕೆಲಸ ನಮ್ಮದು. ಹೊಂಡದ ಅಂಚಿನಲ್ಲಿ ತಗಡಿನ ಆಫೀಸು, ಅದರೊಳಗೆ ಭಾವ. ಮಂಡಿನೋವು ಬಂದ ಮೇಲೆ ಅವರು ಇಳಿಜಾರಿನಲ್ಲಿ ಕೆಳಗೆ ಇಳಿಯುವುದನ್ನೇ ಬಿಟ್ಟಿದ್ದಾರೆ. ಕಿಟಕಿ ಇರುವುದು ಗೇಟಿನ ಕಡೆಗೆ. ಹಾಗಾಗಿ ಅವರು ಕೆಲಸವನ್ನು ನೋಡುವುದಿಲ್ಲ, ಕೇಳಿಸಿಕೊಳ್ಳುತ್ತಾರೆ. ಇಂಜಿನ್ ಸುಮ್ಮನೆ ಉರಿಯುತ್ತಿದೆಯೋ ಭಾರ ಎತ್ತುತ್ತಿದೆಯೋ ಎನ್ನುವುದು ಕುರ್ಚಿಯಲ್ಲಿ ಕೂತೇ ಗೊತ್ತಾಗುತ್ತದೆ ಎಂಬ ಹೆಮ್ಮೆ ಅವರದು. ಸದ್ದು ಕುಗ್ಗಿದರೆ ಫೋನು ಬಂತೆಂದೇ ಲೆಕ್ಕ. "ಯಾಕೆ ನಿಂತಿದೆ?" ಇಷ್ಟೇ ಪ್ರಶ್ನೆ. ನಿಂತಿದ್ದಕ್ಕೆ ಕಾರಣ ಹೇಳುವುದರೊಳಗೆ ಫೋನು ಇಟ್ಟಿರುತ್ತಾರೆ.

ಆ ಫೋನಿಗೆ ಹೆದರಿಯೇ ಗಾಳಿ ಅಗೆಯುವ ಪದ್ಧತಿ ಹುಟ್ಟಿದ್ದು. ಭಾವನ ಕಿವಿ ಎಷ್ಟು ಚುರುಕೋ ನಮ್ಮ ಆಪರೇಟರುಗಳು ಅದಕ್ಕಿಂತ ಒಂದು ಗುಂಜಿ ಹೆಚ್ಚು. ಬರೀ ಎಕ್ಸಲರೇಟರ್ ಒತ್ತಿದರೆ ಭಾವ ಕಂಡುಹಿಡಿಯುತ್ತಾರೆ ಎಂದು ಬಕೆಟ್ಟನ್ನೂ ಆಡಿಸಿ, ಭಾರ ಎತ್ತಿದ ಸದ್ದನ್ನೇ ಹೊರಡಿಸುತ್ತಿದ್ದರು. ಡೀಸೆಲ್ ಸುಟ್ಟಿತು, ಬಕೆಟ್ಟಿನ ಪಿನ್ನು ಸವೆಯಿತು, ಚಕ್ರದ ಬದಲಿಗಿರುವ ಚೈನು ಸಡಿಲವಾಯಿತು. ಹೊಂಡ ಮಾತ್ರ ಇದ್ದಲ್ಲೇ ಇತ್ತು.

ಮೆಷಿನ್ನುಗಳ ಉಸ್ತುವಾರಿ ನನ್ನದು. ಡಿಪ್ಲೊಮಾ ಮುಗಿಸಿ ಬಂದವಳನ್ನು ಭಾವನೇ ಕರೆದು ಇಲ್ಲಿ ನಿಲ್ಲಿಸಿದ್ದು. ಯಾವ ಟಿಪ್ಪರ್ ತುಂಬಲು ಎಷ್ಟು ಹೊತ್ತು, ಯಾರು ಎಷ್ಟು ಹೊತ್ತು ಸುಮ್ಮನೆ ನಿಂತರು ಎಂದು ಮೊಬೈಲಿನಲ್ಲಿ ಸಮಯ ಹಿಡಿಯುತ್ತೇನಾದ್ದರಿಂದ ಹಿಂದಿನಿಂದ ನನ್ನನ್ನು ಸ್ಟಾಪ್‌ವಾಚ್ ಅನ್ನುತ್ತಾರೆ. ಎದುರಿಗೆ ಮೇಡಂ. ಕೋಪ ನನಗೆ ಮೂಗಿನ ತುದಿಯಲ್ಲೇ ಇರುತ್ತದೆ ಎಂಬುದು ಅಕ್ಕನ ದೂರು. ಇರಬಹುದು. ಈ ಹೊಂಡದಲ್ಲಿ ಒಂದು ವಾರ ನಿಂತು ನೋಡಲಿ, ಅವಳದ್ದು ಎಲ್ಲಿರುತ್ತದೆ ಎಂದು ನಾನೂ ನೋಡುತ್ತೇನೆ.

ನಮ್ಮಲ್ಲಿ ಅಗೆಯುವ ಮೆಷಿನ್ ಎರಡು. ದೊಡ್ಡದನ್ನು ಓಡಿಸುವವನು ಹೀರೋ. ಮೋಡ ಕವಿದಿದ್ದರೂ ಕಪ್ಪು ಕನ್ನಡಕ ತೆಗೆಯದ ಹುಡುಗನಾದ್ದರಿಂದ ಆ ಹೆಸರು. ಹಳೆಯದರ ಹೆಸರು ಅಜ್ಜಿ. ಬಣ್ಣ ಹೋಗಿ, ಬಾಗಿಲಿಗೆ ಚಿಲಕ ಹೋಗಿ ಹಗ್ಗ ಬಂದಿರುವ ಅಜ್ಜಿಯ ಸೀಟಿನಲ್ಲಿ ಮಾವ. ಮಾವ ನನಗೂ ಅಕ್ಕನಿಗೂ ಸೋದರಮಾವ, ಅಮ್ಮನ ತಮ್ಮ. ಭಾವನಿಗೆ ಮೆಷಿನ್ ಹತ್ತುವುದನ್ನು ಕಲಿಸಿದ್ದೂ ಅವರೇ. ಭಾವ ಇನ್ನೂ ಯಾರದೋ ಕೈಕೆಳಗೆ ದುಡಿಯುತ್ತಿದ್ದ ಕಾಲದಲ್ಲಿ ಮಾವ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು, ತಮ್ಮ ಕೈಯನ್ನು ಅವರ ಕೈಯ ಮೇಲಿಟ್ಟು ಲಿವರ್ ಎಳೆಸಿದ್ದರಂತೆ. ಆಮೇಲೆ ಅವರೇ ಓಡಾಡಿ ಅಕ್ಕನನ್ನು ಕೊಡಿಸಿದರು. ಇಷ್ಟೆಲ್ಲ ಇದ್ದೂ ಭಾವನ ಫೋನು ಬಂದರೆ ಎಲ್ಲರಿಗಿಂತ ಹೆಚ್ಚು ನಡುಗುವವರು ಮಾವನೇ.

ಟಿಪ್ಪರ್ ನಾಲ್ಕು. ಐದನೆಯದನ್ನು ತರುವ ಹಾಗಿಲ್ಲ. ಹೊಂಡದ ಮುಂದಿನ ಬೀದಿ ಇಕ್ಕಟ್ಟು, ನಾಲ್ಕಕ್ಕಿಂತ ಹೆಚ್ಚು ಲಾರಿ ಓಡಿಸಲು ಅನುಮತಿಯಿಲ್ಲ. ಆ ನಾಲ್ವರು ಚಾಲಕರು ಒಂದೇ ಹೊಟ್ಟೆಯಲ್ಲಿ ಹುಟ್ಟಿದವರ ಹಾಗೆ. ಒಟ್ಟಿಗೆ ತುಂಬಿಸಿಕೊಂಡು ಒಟ್ಟಿಗೆ ಹೋಗಿ, ದಾರಿಯಲ್ಲಿ ಒಟ್ಟಿಗೆ ಚಹಾ ಕುಡಿದು, ಒಟ್ಟಿಗೇ ಬಂದು ಸಾಲಾಗಿ ನಿಂತು ಹಾರ್ನ್ ಹೊಡೆಯುತ್ತಾರೆ. ಅವರು ಬಂದಾಗ ಮೆಷಿನ್ನುಗಳಿಗೆ ಪುರುಸೊತ್ತಿಲ್ಲ, ಹೋದಾಗ ಎರಡೂ ಗಾಳಿ ಅಗೆಯುತ್ತವೆ.

ಹೀಗಿರುವಾಗ ಒಂದು ರಾತ್ರಿ ಊಟದ ಹೊತ್ತಿನಲ್ಲಿ ಭಾವ ಕೈ ತೊಳೆಯುತ್ತಾ ಹೇಳಿದರು. "ಹೊಸ ಮೆಷಿನ್ ತಗೋತಾ ಇದೀನಿ. ಅಜ್ಜೀನ ಅದಕ್ಕೆ ಬದಲಿಗೆ ಕೊಟ್ಟುಬಿಡೋದು. ಕಂಪನಿಯವನು ಬಂದು ನೋಡ್ಕೊಂಡು ಹೋಗಿದಾನೆ."

ಬಡಿಸುತ್ತಿದ್ದ ಅಕ್ಕನ ಕೈ ನಿಂತಿತು.

"ಮಾವ?" ಎಂದೆ ನಾನು.

"ಹೊಸದಕ್ಕೆ ಆಪರೇಟರ್ ಕಂಪನಿಯವರೇ ಕಳಿಸ್ತಾರೆ. ಪರದೆ ನೋಡ್ಕೊಂಡು ಓಡಿಸೋ ಮೆಷಿನ್ ಅದು. ಮಾವನ ಕೈಲಿ ಆಗುತ್ತಾ? ಅವತ್ತು ಹೀರೋನ ಮೆಷಿನ್ ಹತ್ತಿ ಏನು ಮಾಡಿದ್ರು ಅಂತ ನೀನೇ ನೋಡಿದೀಯಲ್ಲ."

ನೋಡಿದ್ದೆ. ಮಾವ ದೊಡ್ಡದರ ಜಾಯ್‌ಸ್ಟಿಕ್ ಮುಟ್ಟಿದ್ದೇ ತಡ ಬಕೆಟ್ಟು ಬಂದು ಕ್ಯಾಬಿನ್ನಿನ ಗಾಜಿಗೇ ಮುತ್ತು ಕೊಡಲು ಹೊರಟಿತ್ತು. ಅವರ ಕೈಗೆ ಗೊತ್ತಿರುವುದು ಅಜ್ಜಿಯ ಉದ್ದನೆಯ ಲಿವರುಗಳು ಮಾತ್ರ. ಅಂಥ ಮೆಷಿನ್ ಇನ್ನೆಲ್ಲೂ ಉಳಿದಿಲ್ಲ. ಅಜ್ಜಿ ಹೋದರೆ ಮಾವನನ್ನು ಯಾರೂ ಕೆಲಸಕ್ಕೆ ಕರೆಯುವುದಿಲ್ಲ. ಅತ್ತೆ ತೀರಿಹೋದ ಮೇಲೆ ಆ ಮನುಷ್ಯನಿಗೆ ಬೆಳಿಗ್ಗೆ ಏಳುವುದಕ್ಕೆ ಇದ್ದ ಒಂದೇ ನೆಪ ಆ ಸೀಟು.

"ಹೊಸ ಮೆಷಿನ್ ಬೇಕಾಗಿಲ್ಲ ಭಾವ," ಎಂದೆ. "ಇರೋ ಎರಡು ಮೆಷಿನ್‌ನಲ್ಲಿ ಅರ್ಧ ಕೆಲಸಾನೂ ನಾವು ತೆಗೀತಾ ಇಲ್ಲ. ಹೊಸದು ತಂದ್ರೆ ಅದೂ ನಿಂತ್ಕೊಂಡು ಸದ್ದು ಮಾಡುತ್ತೆ."

"ನನ್ನ ಮೆಷಿನ್ ನಿಲ್ಲಲ್ಲ. ದಿನವಿಡೀ ಕೇಳ್ತಾ ಇರ್ತೀನಿ ನಾನು."

"ಕೇಳ್ತೀರಿ ಭಾವ. ಇಳಿದು ಬಂದು ನೋಡಲ್ಲ."

ಅಕ್ಕ ನನ್ನ ಕಡೆ ಕಣ್ಣು ಬಿಟ್ಟಳು. ಇದ್ದದ್ದನ್ನು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ. ಭಾವ ಒದೆಯಲಿಲ್ಲ, ಟವೆಲ್ಲಿನಲ್ಲಿ ಬೆರಳುಗಳನ್ನು ಒಂದೊಂದಾಗಿ ಒರೆಸಿಕೊಂಡರು. ಅವರಿಗೂ ಒಳಗೆ ಚುಚ್ಚುತ್ತಿತ್ತೆಂದು ಕಾಣುತ್ತದೆ. "ಸರಿ. ಗೋಡೆ ಕಡೆ ಮೂಲೆ ಇದೆಯಲ್ಲ, ಅದನ್ನ ತಿಂಗಳು ಮುಗಿಯೋದ್ರೊಳಗೆ ಅಗೆದು ತಳ ಮುಟ್ಟಿಸು. ಇರೋದ್ರಲ್ಲೇ ಮುಟ್ಟಿಸಿದ್ರೆ ಹೊಸದು ಬೇಡ. ಇಲ್ಲಾಂದ್ರೆ ಆಮೇಲೆ ನನ್ನ ಹತ್ರ ಮಾತಾಡಬಾರದು," ಎಂದರು.

ಮರುದಿನ ಬೆಳಿಗ್ಗೆಯೇ ಹೊಂಡಕ್ಕಿಳಿದು ಮಾವನ ಮುಂದೆ ನಿಂತೆ. ಮಾಮೂಲಿನಂತೆ ಗಾಳಿ ಅಗೆಯುತ್ತಿದ್ದರು.

"ಮಾವ, ಟಿಪ್ಪರ್ ಇಲ್ಲ. ಆಫ್ ಮಾಡಿ."

"ಆಂ?"

"ಆಫ್ ಮಾಡಿ ಅಂದೆ."

"ಕೇಳಿಸ್ತಾ ಇಲ್ಲ ಪುಟ್ಟಿ, ಇಂಜಿನ್ ಸದ್ದು."

ಕೈಸನ್ನೆ ಮಾಡಿದೆ. ಮಾವ ತಗಡಿನ ಆಫೀಸಿನ ಕಡೆ ಕತ್ತೆತ್ತಿ ನೋಡಿದರು, ನನ್ನನ್ನು ನೋಡಿದರು, ಬಕೆಟ್ಟನ್ನು ಇನ್ನೊಂದು ಸುತ್ತು ತಿರುಗಿಸಿದರು. ಕೊನೆಗೆ ನಾನೇ ಚೈನಿನ ಮೇಲೆ ಹತ್ತಿ, ಬಾಗಿಲಿನ ಹಗ್ಗ ಬಿಚ್ಚಿ, ಕೈ ಚಾಚಿ ಕೀಲಿ ತಿರುಗಿಸಿದೆ. ಇಂಜಿನ್ ಕೆಮ್ಮಿ ಸುಮ್ಮನಾಯಿತು. ಮರುಕ್ಷಣವೇ ಮಾವನ ಜೇಬಿನಲ್ಲಿ ಫೋನು ಬಡಿದುಕೊಂಡಿತು.

"ಇಲ್ಲ ಇಲ್ಲ, ಈಗ ಶುರು, ಈಗ ಶುರು," ಎನ್ನುತ್ತಾ ಮಾವ ನನ್ನ ಕೈ ಸರಿಸಿ ಮತ್ತೆ ಕೀಲಿ ತಿರುಗಿಸಿದರು.

ನನಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಯಾರ ಸೀಟು ಉಳಿಸಲು ನಾನು ಹೆಣಗುತ್ತಿದ್ದೆನೋ ಅವರೇ ನನ್ನ ಕೈ ಹಿಡಿದು ತಳ್ಳುತ್ತಿದ್ದರು. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು. ಇಲ್ಲಿ ಕೋಣ ಯಾರು ಎಂದು ಹೇಳಿದರೆ ಮಾವನಿಗೆ ಅವಮರ್ಯಾದೆಯಾದೀತು. ವಿಷಯವನ್ನೇ ಬಿಡಿಸಿ ಹೇಳಿದೆ. ಭಾವ ಅಜ್ಜಿಯನ್ನು ಕೊಡಲು ಹೊರಟಿದ್ದಾರೆ, ಮೂಲೆ ಬೇಗ ಮುಗಿದರೆ ಮಾತ್ರ ಅವಳು ಉಳಿಯುತ್ತಾಳೆ, ಅದಕ್ಕಾಗಿ ನಾನು ಹೇಳಿದ ಹಾಗೆ ಕೇಳಬೇಕು. ಮಾವ ಲಿವರಿನ ತುದಿಯ ಗುಂಡನ್ನು ಹೆಬ್ಬೆರಳಿನಿಂದ ಸವರುತ್ತಾ ಕೇಳಿಸಿಕೊಂಡರು.

"ಕೊಟ್ಟುಬಿಡ್ತೀನಿ ಅಂದ್ನಾ?"

"ಹೂಂ."

"ಹಾಗಾದ್ರೆ ಇನ್ನೂ ಜೋರಾಗಿ ಓಡಿಸ್ಬೇಕು," ಎಂದು ಎಕ್ಸಲರೇಟರ್ ಏರಿಸಿದರು.

ಕೋಣನ ಮುಂದೆ ಕಿನ್ನರಿ ಬಾರಿಸಿದ್ದಾಯಿತು. ತಪ್ಪು, ಮಾವ, ಬಾಯಿಗೆ ಬಂದುಬಿಟ್ಟಿತು.

ಅದೇ ವಾರ ಹೀರೋನ ದೊಡ್ಡ ಮೆಷಿನ್ನಿನ ಬಕೆಟ್ಟು ಅರ್ಧ ಮಡಚಿದಲ್ಲೇ ಕಚ್ಚಿಕೊಂಡಿತು. ಬಿಚ್ಚಿ ನೋಡಿದರೆ ಪಿನ್ನು ಒಣ ಕಟ್ಟಿಗೆಯ ಹಾಗಿದೆ. ಎಷ್ಟು ದಿನದಿಂದ ಅದು ಗ್ರೀಸ್ ಕಂಡಿಲ್ಲವೋ. ಯಾಕಪ್ಪಾ ಗ್ರೀಸ್ ಹಾಕಿಲ್ಲ ಎಂದರೆ ಹೀರೋ ಕನ್ನಡಕ ಹಣೆಗೇರಿಸಿದ. "ಗ್ರೀಸ್ ಹಾಕ್ಬೇಕು ಅಂದ್ರೆ ಇಂಜಿನ್ ನಿಲ್ಲಿಸ್ಬೇಕು ಮೇಡಂ. ನಿಲ್ಲಿಸಿದ್ರೆ ಫೋನ್ ಬರುತ್ತೆ. ಫೋನ್ ಎತ್ತೋದಾ, ಗ್ರೀಸ್ ಹಾಕೋದಾ?"

ಅವನ ಮೇಲೆ ರೇಗಲು ಬಾಯಿ ತೆರೆದವಳು ಹಾಗೇ ಮುಚ್ಚಿಕೊಂಡೆ. ಅವನು ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಇಡೀ ದಿನ ದೊಡ್ಡ ಮೆಷಿನ್ ಸೊಂಟ ಮುರಿದುಕೊಂಡು ಬಿದ್ದಿತ್ತು. ಭಾವ ಮೇಲಿನಿಂದ, "ನೋಡಿದ್ಯಾ, ಹಳೇ ಮಾಲು. ನಾನು ಹೇಳಿದ್ದಕ್ಕೆ ಹೊಸದು ಬೇಡ ಅಂದೆ," ಎಂದರು. ಹಲ್ಲು ಕಡಿದುಕೊಂಡೆ. ಎಮ್ಮೆಗೆ ಜ್ವರ ಬಂದರೆ ಎತ್ತಿಗೆ ಬರೆ ಹಾಕುವುದು ಎಂದರೆ ಇದೇ. ಕೂಡಲೇ ತಗಡಿನ ಆಫೀಸಿಗೆ ಹೋಗಿ ಬಾಗಿಲು ಹಾಕಿಕೊಂಡೆ.

"ಭಾವ, ನನಗೊಂದು ಅವಕಾಶ ಕೊಡಿ. ಬೆಳಿಗ್ಗೆ ಕೆಲಸ ಶುರು ಮಾಡೋ ಮುಂಚೆ ಅರ್ಧ ಗಂಟೆ ಎಲ್ಲಾ ಮೆಷಿನ್ ಆಫ್. ಗ್ರೀಸ್, ಡೀಸೆಲ್, ಚೈನ್ ಬಿಗಿ ಮಾಡೋದು, ಎಲ್ಲಾ ಅಷ್ಟರಲ್ಲೇ. ಆಮೇಲೂ ಟಿಪ್ಪರ್ ಇಲ್ಲ ಅಂದ್ರೆ ಆಫ್. ನೀವು ಫೋನ್ ಮಾಡಬಾರದು."

"ಅರ್ಧ ಗಂಟೆ ಸುಮ್ಮನೇನಾ?"

"ಸುಮ್ಮನೇ."

"ಹೊಟ್ಟೆ ಉರಿಯುತ್ತಮ್ಮ ನನಗೆ."

ಇದು ಸುಳ್ಳಲ್ಲ ಎಂದು ನನಗೆ ಗೊತ್ತು. ಹೊಸದಾಗಿ ಸ್ವಂತ ಮೆಷಿನ್ ಕೊಂಡ ಕಾಲದಲ್ಲಿ, ಅದು ನಿಂತಿತೆಂದರೆ ಮನೆಯೇ ನಿಂತ ಹಾಗಿತ್ತು. ಆಗ ಹೊಕ್ಕ ಹೆದರಿಕೆ ಇನ್ನೂ ಅವರ ಕಿವಿಯಿಂದ ಇಳಿದಿಲ್ಲ. ಆದರೂ ಒಪ್ಪಿದರು. ನಾನು ಪಕ್ಕದಲ್ಲಿ ಕೂತಿರಬೇಕು ಎಂಬ ಷರತ್ತು ಹಾಕಿದರು. ಮೊದಲ ದಿನದ ಆ ಅರ್ಧ ಗಂಟೆಯನ್ನು ನಾನು ಮರೆಯಲಾರೆ. ಹೊಂಡದಿಂದ ಸದ್ದಿಲ್ಲ. ಭಾವನ ಕಾಲು ಮೇಜಿನ ಕೆಳಗೆ ಕುಣಿಯುತ್ತಿದೆ. ಎದ್ದು ಕಿಟಕಿಗೆ ಹೋದರು, ಬಂದು ಕೂತರು, ನೀರು ಕುಡಿದರು, ಗಡಿಯಾರವನ್ನು ಕಿವಿಗಿಟ್ಟುಕೊಂಡು ಅದಾದರೂ ಓಡುತ್ತಿದೆಯೇ ಎಂದು ನೋಡಿದರು. ಕೈ ಫೋನಿನ ಕಡೆ ಹೋದಾಗಲೆಲ್ಲ ನಾನು ಫೋನನ್ನು ನನ್ನ ಕಡೆ ಎಳೆದುಕೊಂಡೆ.

"ನಿಮ್ಮಕ್ಕ ಹೆರಿಗೆ ಕೋಣೇಲಿದ್ದಾಗಲೂ ಇಷ್ಟು ಕಷ್ಟ ಆಗಿರಲಿಲ್ಲ," ಎಂದರು.

"ಅವಳಿಗೆ ಹೇಳ್ಲಾ?"

"ಬೇಡ."

ಕೆಳಗೆ ಇಂಜಿನ್ ಶುರುವಾದಾಗ ಭಾವ ಬಿಟ್ಟ ಉಸಿರಿಗೆ ಮೇಜಿನ ಮೇಲಿನ ಕಾಗದ ಹಾರಿತು.

ಆಮೇಲೆ ಟಿಪ್ಪರಿನವರ ಸರದಿ. ಒಟ್ಟಿಗೆ ಬಂದರೆ ತುಂಬುವುದಿಲ್ಲ, ಒಬ್ಬ ಗೇಟು ದಾಟಿ ಬೀದಿಯ ತಿರುವು ಮುಟ್ಟಿದ ಮೇಲೆಯೇ ಇನ್ನೊಬ್ಬ ಹೊರಡಬೇಕು ಎಂದೆ. ನಾಲ್ವರೂ ಮುಖ ಊದಿಸಿಕೊಂಡರು. "ಒಬ್ಬೊಬ್ಬನೇ ಚಹಾ ಕುಡಿಯೋದಾ ಮೇಡಂ?" ಎಂದು ಒಬ್ಬ, ಹೆಂಡತಿ ತವರಿಗೆ ಹೋದವನ ಧ್ವನಿಯಲ್ಲಿ ಕೇಳಿದ. ಒಬ್ಬೊಬ್ಬನೇ ಕುಡಿ, ರುಚಿ ಗೊತ್ತಾಗುತ್ತದೆ ಎಂದೆ. ಎರಡು ದಿನ ನನ್ನ ಬೆನ್ನ ಹಿಂದೆ ಏನೇನು ಆಡಿಕೊಂಡರೋ, ಕಿವಿಗೆ ಹಾಕಿಕೊಳ್ಳಲಿಲ್ಲ. ಹೀರೋನಿಗೆ ಮೆಷಿನ್ನನ್ನು ಮಣ್ಣಿನ ದಿಣ್ಣೆಯ ಮೇಲೆ ಹತ್ತಿಸಿ, ಟಿಪ್ಪರನ್ನು ಕೆಳಗೆ ಪಕ್ಕಕ್ಕೇ ನಿಲ್ಲಿಸಿಕೊಳ್ಳಲು ಹೇಳಿದೆ. ಬಕೆಟ್ಟು ಸುತ್ತಾಡುವ ದೂರ ಅರ್ಧಕ್ಕಿಳಿಯಿತು. ಇಳಿಜಾರಿನ ಹೊಂಡ ಗುಂಡಿಗಳನ್ನು ಅಜ್ಜಿಯ ಕೈಲಿ ಮುಚ್ಚಿಸಿದೆ. ಅದುವರೆಗೆ ಬಸುರಿಯ ನಡಿಗೆಯಲ್ಲಿ ಹತ್ತುತ್ತಿದ್ದ ಟಿಪ್ಪರುಗಳು ಈಗ ಸಲೀಸಾಗಿ ಹತ್ತಿದವು. ಇದರಲ್ಲಿ ಯಾವುದೂ ದೊಡ್ಡ ವಿದ್ಯೆಯಲ್ಲ. ಯಾರೂ ಮಾಡಿರಲಿಲ್ಲ, ಅಷ್ಟೇ.

ಒಲಿಯದೆ ಉಳಿದವರು ಮಾವ ಒಬ್ಬರೇ. ಇಂಜಿನ್ ನಿಲ್ಲಿಸಿದರೂ ಕೈ ಕೀಲಿಯ ಮೇಲೇ. ನಾನು ಆ ಕಡೆ ತಿರುಗಿದರೆ ಸಾಕು, ಗುರ್ ಎಂದು ಶುರು. ಒಂದು ದಿನ ನನ್ನ ತಾಳ್ಮೆ ಕೆಟ್ಟಿತು. ಎಲ್ಲರ ಮುಂದೆ, ಮಾವ ಎಂಬುದನ್ನೂ ನೋಡದೆ ಕೂಗಾಡಿದೆ. "ನಿಮಗೋಸ್ಕರ ಬಡ್ಕೋತಾ ಇರೋದು ನಾನು. ನೀವೇ ಹೀಗೆ ಮಾಡಿದ್ರೆ ಯಾರಿಗೆ ಹೇಳ್ಲಿ? ಕೀಲಿ ಕೊಡಿ ಇಲ್ಲಿ."

ಮಾವ ಕೀಲಿ ತೆಗೆದು ನನ್ನ ಅಂಗೈಯಲ್ಲಿಟ್ಟರು. ಹೀರೋ ಕೂಡ ತಲೆ ತಗ್ಗಿಸಿದ. ನನಗೆ ನಾಚಿಕೆಯಾಯಿತು, ಆದರೆ ಕೀಲಿ ವಾಪಸು ಕೊಡಲಿಲ್ಲ. ಆ ದಿನವೆಲ್ಲ ಟಿಪ್ಪರ್ ಬಂದಾಗ ನಾನೇ ಕೀಲಿ ಕೊಟ್ಟು, ಹೋದಾಗ ಇಸಿದುಕೊಂಡೆ.

ಮರುದಿನ ಬೆಳಿಗ್ಗೆ ನಾನು ಬರುವಷ್ಟರಲ್ಲಿ ಮಾವ ಅಜ್ಜಿಯ ಕೆಳಗೆ ಮಲಗಿದ್ದರು. ಓಡಿಹೋಗಿ ಬಗ್ಗಿ ನೋಡಿದರೆ ಕೈಯಲ್ಲಿ ಗ್ರೀಸ್ ಗನ್ನು. "ಇಲ್ಲೊಂದು ಗ್ರೀಸ್ ತುಂಬೋ ನಿಪ್ಪಲ್ ಇದೆ ಪುಟ್ಟಿ, ಇದು ಇದೆ ಅಂತಾನೇ ಮರೆತುಹೋಗಿತ್ತು ನನಗೆ," ಎಂದರು, ಸಂಕೋಚದಿಂದ.

ಅಂದಿನಿಂದ ಮಾವ ಬೇರೆಯೇ ಮನುಷ್ಯರಾದರು. ಅಜ್ಜಿಯ ಉದ್ದನೆಯ ತೋಳು ಕಿರಗುಟ್ಟುವುದು ನಿಂತಿತು. ಇಂಜಿನ್ ನಿಲ್ಲಿಸಿದ ಹೊತ್ತಿನಲ್ಲಿ ಗಾಜು ಒರೆಸಿದರು, ಬಾಗಿಲಿಗೆ ಹಗ್ಗದ ಬದಲು ಎಲ್ಲಿಂದಲೋ ಒಂದು ಚಿಲಕ ತಂದು ಕೂರಿಸಿದರು. ಟಿಪ್ಪರಿನವರಿಬ್ಬರು ಒಟ್ಟಿಗೆ ಬಂದರೆ ನನಗಿಂತ ಮೊದಲು ಅವರೇ ಬೈದು ಒಬ್ಬನನ್ನು ಹಿಂದೆ ನಿಲ್ಲಿಸುತ್ತಿದ್ದರು. ಸಂಜೆ ನನ್ನನ್ನು ಕರೆದು, "ಇವತ್ತು ಎಷ್ಟು ಲೋಡ್ ಹೋಯ್ತು?" ಎಂದು ಕೇಳುತ್ತಿದ್ದರು. ಹಿಂದಿಗಿಂತ ಹೆಚ್ಚು ಎಂದರೆ ಹಲ್ಲೆಲ್ಲ ಕಾಣುವಂತೆ ನಗುತ್ತಿದ್ದರು. ಅವರ ಆ ನಗು ನೋಡಿ ನನಗೆ ಗರ್ವ ಬಂತು. ಬಂದದ್ದು ಸುಳ್ಳಲ್ಲ.

ಗೋಡೆ ಕಡೆಯ ಮೂಲೆ ತಿಂಗಳು ಮುಗಿಯಲು ಇನ್ನೂ ವಾರವಿರುವಾಗಲೇ ತಳ ಮುಟ್ಟಿತು. ಸುದ್ದಿ ಕೇಳಿದ ಭಾವ ಮೊದಲ ಬಾರಿಗೆ ಮಂಡಿಗೆ ಪಟ್ಟಿ ಕಟ್ಟಿಕೊಂಡು, ನನ್ನ ಹೆಗಲು ಹಿಡಿದು ಇಳಿಜಾರಿನಲ್ಲಿ ಇಳಿದರು. ಮೂಲೆಯ ಗೋಡೆಯನ್ನು ಕೈಯಿಂದ ತಟ್ಟಿದರು. ಕಾಲಿನಿಂದ ನೆಲ ಕೆದಕಿದರು. ಹೊಸ ಮೆಷಿನ್ನಿನ ಕಂಪನಿಯವನಿಗೆ ನನ್ನ ಎದುರಿಗೇ ಫೋನು ಮಾಡಿ, "ಬೇಡಪ್ಪ, ಇರೋದ್ರಲ್ಲೇ ಆಗ್ತಾ ಇದೆ," ಎಂದರು. ನನಗೆ ಅಲ್ಲೇ ಕುಣಿಯಬೇಕು ಅನ್ನಿಸಿತು. ಕೆಸರಿತ್ತು, ಕುಣಿಯಲಿಲ್ಲ.

ಭಾವ ಮೇಲೆ ಹೋಗುವ ಆತುರ ತೋರಲಿಲ್ಲ. ಒಂದು ಕಲ್ಲಿನ ಮೇಲೆ ಕೂತು ನೋಡತೊಡಗಿದರು. ಹೀರೋ ದಿಣ್ಣೆಯ ಮೇಲಿನಿಂದ ಒಂದು ಟಿಪ್ಪರ್ ತುಂಬಿಸಿದ, ಅದು ಹೋಯಿತು. ಇನ್ನೊಂದು ಬಂತು, ಅದನ್ನೂ ಅವನೇ ತುಂಬಿಸಿದ. ಮೂರನೆಯದು ಬರುವವರೆಗೆ ಕೈ ಕಟ್ಟಿ ಕೂತ. ಆ ಕಡೆ ಅಜ್ಜಿ, ಇಂಜಿನ್ ಆಫ್, ಬಕೆಟ್ಟು ನೆಲಕ್ಕಿಟ್ಟು, ತೊಳೆದ ಪಾತ್ರೆಯಂತೆ ಚೊಕ್ಕಟವಾಗಿ ನಿಂತಿದ್ದಳು. ಮಾವ ನೆರಳಿನಲ್ಲಿ ಕೂತಿದ್ದರು.

"ಅದು ಯಾವಾಗಿಂದ ನಿಂತಿದೆ?" ಎಂದರು ಭಾವ.

"ಟಿಪ್ಪರ್ ಬಂದ್ರೆ ತುಂಬಿಸ್ತಾರೆ ಭಾವ."

"ಟಿಪ್ಪರ್ ಎಲ್ಲ ಹೀರೋನ ಹತ್ರ ಹೋಗ್ತಾ ಇದೆಯಲ್ಲ."

"ಅದು ದೊಡ್ಡದು, ಬೇಗ ತುಂಬುತ್ತೆ. ಕಾಯೋದು ಬೇಡ ಅಂತ..."

ಮಾತು ನನ್ನ ಬಾಯಿಂದ ಹೊರಬಂದ ಮೇಲೆ ನನಗೆ ಕೇಳಿಸಿತು. ನಾಲ್ಕೇ ಟಿಪ್ಪರು. ಒಂದೊಂದಾಗಿ ಬರುವ ನಾಲ್ಕು ಟಿಪ್ಪರಿಗೆ, ಸರಿಯಾದ ಜಾಗದಲ್ಲಿ ನಿಂತು ಕೆಟ್ಟು ಹೋಗದೆ ಓಡುವ ಒಂದು ದೊಡ್ಡ ಮೆಷಿನ್ ಸಾಕು. ಸಾಕು ಮಾತ್ರವಲ್ಲ, ಅದಕ್ಕೂ ಬಿಡುವು. ಇಳಿಜಾರಿನ ದಾರಿ ಸರಿಯಾಗಿತ್ತು, ಮೂಲೆ ಮುಗಿದಿತ್ತು, ಅಜ್ಜಿಗೆ ಇನ್ನು ಮಾಡಲು ಏನೂ ಇರಲಿಲ್ಲ. ಸಮಯ ಹಿಡಿಯುವವಳು ನಾನು, ಲೆಕ್ಕ ಓದಿದವಳು ನಾನು, ಇಷ್ಟು ಸಣ್ಣ ಲೆಕ್ಕ ನನ್ನ ತಲೆಗೆ ಹೊಳೆದಿರಲಿಲ್ಲ. ಮಾವ ಗಾಳಿ ಅಗೆಯುತ್ತಿದ್ದಷ್ಟು ದಿನ ಅಜ್ಜಿಗೆ ಕೆಲಸವಿದೆ ಎಂದು ಎಲ್ಲರೂ ನಂಬಿದ್ದರು. ಆ ಸದ್ದನ್ನು ನಾನೇ ನಿಲ್ಲಿಸಿದ್ದೆ.

"ಅಜ್ಜೀನ ಯಾರೋ ಕೇಳ್ತಾ ಇದ್ರು," ಎಂದರು ಭಾವ ಮೆಲ್ಲಗೆ. "ಬಿಡಿಭಾಗಕ್ಕೆ. ಕೊಟ್ಟುಬಿಡ್ತೀನಿ."

"ಭಾವ, ನೀವು ಮಾತು ಕೊಟ್ಟಿದ್ರಿ."

"ಹೊಸದು ತಗೊಳ್ಳಲ್ಲ ಅಂದಿದ್ದೆ. ತಗೊಳ್ಲಿಲ್ಲ."

"ಇನ್ನೊಂದು ಕಡೆ ಕೆಲಸ ಹಿಡಿದು ಅಲ್ಲಿ ಅಜ್ಜೀನ ಹಾಕೋಣ."

"ಎಲ್ಲಿದೆ ಕೆಲಸ? ಇದ್ರೆ ನಾನು ಬಿಡ್ತಿದ್ನಾ?" ಭಾವ ನನ್ನ ಮುಖ ನೋಡಲಿಲ್ಲ, ಮಂಡಿಯ ಪಟ್ಟಿಯನ್ನು ಬಿಗಿ ಮಾಡಿಕೊಂಡರು. "ಇರೋದ್ರಲ್ಲೇ ಹೆಚ್ಚು ತೆಗೀಬೇಕು ಅಂದವಳು ನೀನು. ತೆಗೆದು ತೋರಿಸ್ದೆ. ಚೆನ್ನಾಗಿ ತೋರಿಸ್ದೆ. ಈಗ ನಿಂತಿರೋದನ್ನ ಇಟ್ಕೊಂಡು ಏನು ಮಾಡ್ಲಿ, ಹೇಳು."

ನಾನು ಜಗಳ ಮಾಡಿದೆ. ಯಾರು ಕಲಿಸಿದ್ದು ನಿಮಗೆ ಎಂದು ಕೇಳಿದೆ. ಕೇಳಬಾರದ್ದನ್ನೂ ಕೇಳಿದೆ. ಭಾವ ಒಂದಕ್ಕೂ ಸಿಟ್ಟಾಗಲಿಲ್ಲ, ಅದೇ ನನ್ನನ್ನು ಇನ್ನಷ್ಟು ಉರಿಸಿತು. ನಾನು ಹೂಡಿದ ಒಂದೊಂದು ವಾದಕ್ಕೂ ಅವರ ಬಳಿ ನನ್ನದೇ ಹಳೆಯ ಮಾತು ಉತ್ತರವಾಗಿ ಸಿದ್ಧವಿತ್ತು. ಕೊನೆಗೆ ಅವರು ಎದ್ದು ನಿಂತು, "ಮಾವನಿಗೆ ನೀನೇ ಹೇಳಿಬಿಡು. ನನಗೆ ಬಾಯಿ ಬರಲ್ಲ. ಕೈ ಹಿಡಿದು ಕಲಿಸಿದೋರು," ಎಂದು ಕುಂಟುತ್ತಾ ಇಳಿಜಾರು ಹತ್ತಿದರು. ಅರ್ಧ ದಾರಿಯಲ್ಲಿ ನಿಂತು ಸುಧಾರಿಸಿಕೊಂಡಾಗಲೂ ಅಜ್ಜಿಯ ಕಡೆ ತಿರುಗಲಿಲ್ಲ. ಹೊಸ ಮೆಷಿನ್ ತರಲು ಹೊರಟಾಗ ಕಂಪನಿಯ ನೆಪವಿತ್ತು. ಈಗ ನನ್ನ ನೆಪ ಸಿಕ್ಕಿತು. ಈ ಮನುಷ್ಯನಿಗೆ ಯಾವಾಗಲೂ ಯಾರಾದರೂ ಸಿಕ್ಕಿಬಿಡುತ್ತಾರೆ.

ಅಕ್ಕನಿಗೆ ಫೋನು ಮಾಡಿದೆ. ಅವಳು, "ನಾನು ಹೇಳಿದ್ರೆ ಕೇಳ್ತಾರಾ? ನಿನ್ನ ಮಾತೇ ಅಲ್ವಾ ಕೇಳಿದ್ದು ಅವರು," ಎಂದಳು. ಚುಚ್ಚಿ ಹೇಳಿದ್ದೋ ಬೇಸರದಲ್ಲಿ ಹೇಳಿದ್ದೋ ತಿಳಿಯಲಿಲ್ಲ.

ಮಾವ ಚೈನಿನ ಪಕ್ಕದ ನೆರಳಿನಲ್ಲಿ ಕಾಲು ಚಾಚಿ ಕೂತು ನೀರು ಕುಡಿಯುತ್ತಿದ್ದರು. ನನ್ನನ್ನು ಕಂಡು ಬಾಟಲಿ ಮುಂದೆ ಚಾಚಿದರು.

"ಅವನೇ ಇಳಿದು ಬಂದ್ನಲ್ಲ. ನೋಡಿದ್ನಾ ಅಜ್ಜೀನ?"

"ನೋಡಿದ್ರು."

"ಏನಂದ?"

ನಾನು ಬಾಟಲಿ ಹಿಡಿದುಕೊಂಡೇ ಇದ್ದೆ. ಮಾವ ತಾವೇ ಮುಂದುವರಿಸಿದರು. "ಮೊದಲೆಲ್ಲ ಸಂಜೆ ಹೊತ್ತಿಗೆ ಬೆನ್ನು ಬಿದ್ದೇ ಹೋಗ್ತಿತ್ತು ಪುಟ್ಟಿ. ದಿನಾ ಆ ಖಾಲಿ ಬಕೆಟ್ ತಿರುಗಿಸಿ ತಿರುಗಿಸಿ. ಈಗ ಮನೆಗೆ ಹೋದ್ರೆ ನಿದ್ದೆ ಬರುತ್ತೆ. ನೀನು ಮೊದಲೇ ಬೈಬೇಕಿತ್ತು ನನಗೆ."

ಇನ್ನು ತಡೆಯಲಾಗಲಿಲ್ಲ. ಸುತ್ತು ಬಳಸದೆ ಹೇಳಿಬಿಟ್ಟೆ. ಹೊಸ ಮೆಷಿನ್ ಬರುವುದಿಲ್ಲ, ಅಜ್ಜಿಯೂ ಇರುವುದಿಲ್ಲ, ದೊಡ್ಡದೊಂದೇ ಸಾಕಂತೆ. ಮಾವ ನನ್ನ ಬಾಯನ್ನೇ ನೋಡುತ್ತಿದ್ದರು, ಎಂದಿನ ಹಾಗೆ ಇಂಜಿನ್ ಸದ್ದಿನಲ್ಲಿ ಕೇಳಿಸಲಿಲ್ಲವೇನೋ ಎಂಬಂತೆ. ಆದರೆ ಇಂಜಿನ್ ಆಫ್ ಆಗಿತ್ತು, ಎಲ್ಲವೂ ಸರಿಯಾಗಿಯೇ ಕೇಳಿಸಿತ್ತು.

"ನೀನು ಹೇಳಿದ್ದೆಲ್ಲ ಮಾಡಿದ್ನಲ್ಲ ನಾನು?" ಎಂದರು.

"ಮಾಡಿದ್ರಿ ಮಾವ."

"ಗ್ರೀಸ್ ಹಾಕೋದು ಒಂದು ದಿನಾನೂ ತಪ್ಪಿಸ್ಲಿಲ್ಲ."

"ಇಲ್ಲ."

"ಸುಮ್ಮನೆ ಓಡಿಸ್ಲಿಲ್ಲ. ಡೀಸೆಲ್ ದಂಡ ಮಾಡ್ಲಿಲ್ಲ."

"ಇಲ್ಲ ಮಾವ."

"ಮತ್ತೆ?"

ಸಿಟ್ಟಿನಿಂದ ಕೇಳಿದ್ದರೆ ನಾನೂ ಏನಾದರೂ ಹೇಳುತ್ತಿದ್ದೆ. ನಿಜವಾಗಿಯೂ ತಿಳಿಯದೆ, ಲೆಕ್ಕದಲ್ಲಿ ಎಲ್ಲಿ ತಪ್ಪಿತು ಎಂದು ಟೀಚರನ್ನು ಕೇಳುವ ಹುಡುಗನ ಹಾಗೆ ಕೇಳಿದರು. ನಾನು ಅವರ ಮುಂದೆ ಕುಕ್ಕರಗಾಲಲ್ಲಿ ಕೂತು ನೆಲ ನೋಡಿದೆ.

ಇಳಿಜಾರಿನಲ್ಲಿ ಟಿಪ್ಪರೊಂದು ಇಳಿದು ಬಂತು. ಹೀರೋ ಊಟಕ್ಕೆ ಹೋಗಿದ್ದ. ಚಾಲಕ ಅಜ್ಜಿಯ ಪಕ್ಕಕ್ಕೆ ಗಾಡಿ ತಂದು ನಿಲ್ಲಿಸಿ, ಕಿಟಕಿಯಿಂದ ತಲೆ ಹೊರಹಾಕಿ ನಮ್ಮಿಬ್ಬರನ್ನೂ ನೋಡಿದ. ಮಾವ ಚೈನು ಹಿಡಿದುಕೊಂಡು ಎದ್ದರು, ಅಂಗಿಯ ಮಣ್ಣು ಕೊಡವಿಕೊಂಡರು.

"ಏಳು ಪುಟ್ಟಿ, ದಾರಿ ಬಿಡು," ಎಂದರು. "ಗಾಡಿ ಕಾಯ್ತಾ ಇದೆ."